ಅಭಿಮಾನಿಗಳಿಗೆ ಟೀ ಶರ್ಟ್: ಅಚ್ಚಿನಿಂದ ಅಂಚೆಯವರೆಗೆ

ನಾಟಕ ತಂಡವೋ, ಯೂಟ್ಯೂಬ್ ಚಾನೆಲ್ಲೋ, ಕಾಲೇಜು ಹುಡುಗರ ಬ್ಯಾಂಡೋ, ಓಣಿಯ ಕಬಡ್ಡಿ ತಂಡವೋ, ಯಾವುದೇ ಇರಲಿ, ಹತ್ತು ಜನ ಅಭಿಮಾನಿಗಳು ಹುಟ್ಟಿಕೊಂಡರೆಂದರೆ ಹನ್ನೊಂದನೆಯವರು ಬಂದು ‘ನಿಮ್ಮ ಹೆಸರಿನ ಟೀ ಶರ್ಟ್ ಯಾಕೆ ಮಾಡಿಸಬಾರದು’ ಎಂದು ಕೇಳಿಯೇ ಕೇಳುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಿಸುವುದು ದೊಡ್ಡ ಮಾತಲ್ಲ. ಬಟ್ಟೆ ತಿರುಪ್ಪೂರಿನಿಂದ ಬರುತ್ತದೆ, ಅಚ್ಚು ಹಾಕುವವರು ಊರಲ್ಲೇ ಇದ್ದಾರೆ. ಸಾಗಣೆಯ ವಿಷಯದಲ್ಲಂತೂ ಈ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ; 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ಸಾಗಣೆ ಸಂಸ್ಥೆಯ ನೋಂದಾಯಿತ ಕಚೇರಿ ಇವತ್ತು ಹುಬ್ಬಳ್ಳಿಗೆ ಹತ್ತಿರದ ವರೂರಿನಲ್ಲಿದೆ.

ತಲೆನೋವು ಶುರುವಾಗುವುದು ಬೇರೆ ಕಡೆ. ಯಾರ ದುಡ್ಡು ಬಂದಿದೆ, ಯಾರಿಗೆ ಯಾವ ಅಳತೆ, ಯಾರ ವಿಳಾಸ ಪೂರ್ತಿಯಾಗಿದೆ ಎಂಬ ಮೂರು ಲೆಕ್ಕಗಳೇ ಈ ವ್ಯಾಪಾರದ ಮುಕ್ಕಾಲು ಪಾಲು. ಇಂಥ ತಂಡಗಳಿಗೆ ಅಂಗಿ ಮಾಡಿಸಿ, ಮನೆ ಮನೆಗೆ ಕಳುಹಿಸುವ ಕೆಲಸ ನನ್ನದು. ಐವತ್ತರಿಂದ ಮುನ್ನೂರು ಅಂಗಿಗಳವರೆಗಿನ ಸಣ್ಣ ಕೆಲಸ ಹಿಡಿದವರಿಗಾಗಿ ಇದನ್ನು ಬರೆದಿದ್ದೇನೆ. ಸಾವಿರಗಟ್ಟಲೆ ಮಾರುವವರ ದಾರಿ ಬೇರೆ.

ಮೊದಲು ಹಣ, ಆಮೇಲೆ ಬಟ್ಟೆ

ವಿನ್ಯಾಸದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದಾಗ ಇನ್ನೂರು ಜನ ಹೆಬ್ಬೆರಳು ಎತ್ತುತ್ತಾರೆ. ‘ನನಗೂ ಒಂದು ಇಡು’ ಎನ್ನುವವರು ನೂರು ಜನ. ಹಣ ಕಳುಹಿಸುವವರು ಎಷ್ಟು ಎಂಬುದು ಹಣ ಬಂದ ಮೇಲೆಯೇ ಗೊತ್ತಾಗುವ ಸಂಗತಿ. ಆದ್ದರಿಂದ ಹತ್ತು ಹನ್ನೆರಡು ದಿನಗಳ ಗಡುವು ಹಾಕಿ, ಪೂರ್ತಿ ಹಣ ಕೊಟ್ಟವರ ಹೆಸರನ್ನು ಮಾತ್ರ ಪಟ್ಟಿಗೆ ಸೇರಿಸಿ, ಗಡುವು ಮುಗಿದ ಮೇಲೆ ಬಟ್ಟೆಗೆ ಹೇಳಿರಿ. ಆಪ್ತರಿಗೆ ಉದ್ರಿ ಕೊಡಲೇಬೇಕಾದರೆ ಕೊಡಿ, ಆದರೆ ಅದನ್ನು ಖರ್ಚು ಎಂದೇ ಬರೆದಿಡಿ. ಬಂದರೆ ಲಾಭ.

ಹಣ ಯುಪಿಐಯಲ್ಲಿ ಬರುತ್ತದೆ, ಅಲ್ಲೊಂದು ಗಂಟು ಇದೆ. ಆರ್ಡರ್ ಮಗನದು, ಹಣ ಬಂದದ್ದು ಅಪ್ಪನ ಮೊಬೈಲಿನಿಂದ. ಆರ್ಡರ್ ಹಾಕಿದ್ದು ಒಬ್ಬ ಹುಡುಗ, ಹಣ ಹಾಕಿದ್ದು ಅವನ ರೂಮ್‌ಮೇಟ್. ಸಂಜೆ ಕುಳಿತು ಹೊಂದಿಸಲು ಹೋದರೆ ಒಂದು ಹೆಸರೂ ತಾಳೆಯಾಗುವುದಿಲ್ಲ. ಪ್ರತಿ ಯುಪಿಐ ಪಾವತಿಗೂ 12 ಅಂಕಿಗಳ ವಹಿವಾಟು ಸಂಖ್ಯೆ ಇರುತ್ತದೆ. ಆರ್ಡರ್ ಫಾರ್ಮಿನಲ್ಲಿ ಅದನ್ನು ತುಂಬುವುದನ್ನು ಕಡ್ಡಾಯ ಮಾಡಿರಿ. ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ, ಬ್ಯಾಂಕಿನ ಖಾತೆಯಲ್ಲಿ ಆ ಸಂಖ್ಯೆ ಕಂಡ ಮೇಲೆಯೇ ‘ಬಂದಿದೆ’ ಎಂದು ಬರೆಯಿರಿ.

ಇನ್ನೊಂದು ಮಾತು. ಕೊಂಡವರನ್ನೆಲ್ಲ ಕೇಳದೆ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವ ಚಾಳಿ ಬೇಡ. ಹೆಣ್ಣುಮಕ್ಕಳ ಮೊಬೈಲ್ ಸಂಖ್ಯೆ ಇನ್ನೂರು ಅಪರಿಚಿತರ ಕೈಗೆ ಹೋಗುತ್ತದೆ. ಅಂಗಿ ಕೊಂಡದ್ದಕ್ಕೆ ಅವರು ತೆರಬೇಕಾದ ಬೆಲೆ ಅದಲ್ಲ.

ಚಿತ್ರ ಯಾರದು?

ನಿಮ್ಮದೇ ತಂಡದ ಹೆಸರು, ನೀವೇ ಬರೆಸಿದ ಚಿತ್ರ, ನಿಮ್ಮದೇ ಸಂಭಾಷಣೆಯ ಸಾಲು ಆದರೆ ಚಿಂತೆ ಇಲ್ಲ. ಬರೆದುಕೊಟ್ಟ ಕಲಾವಿದರಿಗೆ ಹಣ ಕೊಟ್ಟು, ಬಳಕೆಯ ಒಪ್ಪಿಗೆಯನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ, ಸಾಕು. ಸಿನಿಮಾ ನಟರ ಹುಟ್ಟುಹಬ್ಬಕ್ಕೋ ಆರ್‌ಸಿಬಿ ಪಂದ್ಯಕ್ಕೋ ಅಂಗಿ ಮಾರಹೊರಟವರ ಪಾಡು ಬೇರೆ. ಸಿನಿಮಾದ ಪೋಸ್ಟರ್, ಛಾಯಾಗ್ರಾಹಕರು ತೆಗೆದ ಚಿತ್ರ ಇವು 1957ರ ಕೃತಿಸ್ವಾಮ್ಯ ಕಾಯ್ದೆಗೆ ಒಳಪಡುತ್ತವೆ. ತಂಡಗಳ ಲಾಂಛನಗಳಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ರಕ್ಷಣೆ ಇದೆ. ಮುಖವನ್ನು ನೀವೇ ಪೆನ್ಸಿಲಿನಲ್ಲಿ ಬರೆದರೂ ಪಾರಾದೆವು ಎನ್ನುವಂತಿಲ್ಲ. ಅಮಿತಾಭ್ ಬಚ್ಚನ್ ಅವರ ಹೆಸರು, ದನಿ, ಚಿತ್ರಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ 2022ರ ನವೆಂಬರ್‌ನಲ್ಲೇ ಮಧ್ಯಂತರ ಆದೇಶ ಕೊಟ್ಟಿದೆ. ಪೇಟೆಯಲ್ಲಿ ಎಲ್ಲರೂ ಮಾರುತ್ತಾರಲ್ಲ ಎಂಬುದು ನಿಜ. ಅವರಿಗೆ ನೋಟಿಸ್ ಬಂದರೆ ಬಂಡಿ ತಳ್ಳಿಕೊಂಡು ಬೇರೆ ಕಡೆ ಹೋಗುತ್ತಾರೆ. ನಿಮ್ಮ ತಂಡದ ಹೆಸರು ಅಂಗಿಯ ಮೇಲೆಯೇ ಇರುತ್ತದೆ.

ಅಂಗಿಗೆ ರಾಷ್ಟ್ರಧ್ವಜ ಅಚ್ಚು ಹಾಕುವುದೂ ಬೇಡ. ಉಡುಪಿನ ಬಟ್ಟೆಯ ಮೇಲೆ ಅದನ್ನು ಮುದ್ರಿಸುವುದನ್ನು ಧ್ವಜ ಸಂಹಿತೆ ಒಪ್ಪುವುದಿಲ್ಲ. ಬೆಂಗೇರಿಯಲ್ಲಿ ದೇಶಕ್ಕೆಲ್ಲ ಖಾದಿ ಧ್ವಜ ಹೊಲಿದುಕೊಡುವ ಊರಿನವರು ಇಷ್ಟಾದರೂ ತಿಳಿದಿರಬೇಕು.

ಬಟ್ಟೆ ಮತ್ತು ಅಚ್ಚು

ಬಟ್ಟೆಯ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂದು. ನಮ್ಮ ಬಿಸಿಲಿಗೆ 180 ಜಿಎಸ್‌ಎಂನ ಬಯೋವಾಶ್ ಆದ, ಅಂದರೆ ಕಿಣ್ವದಿಂದ ತೊಳೆದು ನಯ ಮಾಡಿದ, ಹತ್ತಿ ಬಟ್ಟೆ ಹದವಾದದ್ದು. ಚುನಾವಣೆಗೆ ಹಂಚುವ ಅಂಗಿಗಳದ್ದು ಇದಕ್ಕಿಂತ ಬಹಳ ತೆಳು, ಬೆಳಕಿಗೆ ಹಿಡಿದರೆ ಕೈ ಕಾಣುತ್ತದೆ. 220, 240 ಜಿಎಸ್‌ಎಂ ಕೈಗೆ ಭಾರವಾಗಿ ಚೆನ್ನಾಗಿ ಕಾಣುತ್ತವೆ, ಆದರೆ ಏಪ್ರಿಲಿನಲ್ಲಿ ಗದಗಿನವರು ಅದನ್ನು ತೊಡುವುದಿಲ್ಲ. ಅಂಚೆ ಖರ್ಚೂ ಏರುತ್ತದೆ. ಒಂದು ಮಾದರಿ ಅಂಗಿ ತರಿಸಿ, ಮೂರು ಸಲ ಒಗೆದು, ಅಳೆದು ನೋಡಿದ ಮೇಲೆ ಮಾತ್ರ ಉಳಿದದ್ದಕ್ಕೆ ಹೇಳಿರಿ.

ಅಚ್ಚಿನ ವಿಧಾನ ಸಂಖ್ಯೆಯನ್ನು ನೋಡಿಕೊಂಡು ಆರಿಸಬೇಕಾದದ್ದು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಪರದೆ ಮಾಡಬೇಕು, ಅದರ ಖರ್ಚು ಹತ್ತು ಅಂಗಿಗೂ ಅಷ್ಟೇ, ಇನ್ನೂರು ಅಂಗಿಗೂ ಅಷ್ಟೇ. ಒಂದೆರಡು ಬಣ್ಣದ ವಿನ್ಯಾಸ, ನೂರಕ್ಕೆ ಮೇಲ್ಪಟ್ಟ ಅಂಗಿ ಎಂದರೆ ಇದೇ ಸರಿ. ಬಣ್ಣವನ್ನು ಸರಿಯಾಗಿ ಕಾಯಿಸಿದ್ದರೆ ಬಟ್ಟೆ ಹರಿದರೂ ಅಚ್ಚು ಹೋಗುವುದಿಲ್ಲ. ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಸಾಲ್ ಬಣ್ಣಕ್ಕೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ತಟ್ಟಬೇಕು. ಮೇಲೆ ಒಣಗಿದಂತೆ ಕಂಡು ಒಳಗೆ ಹಸಿ ಉಳಿದರೆ ಮೂರನೇ ಒಗೆತಕ್ಕೆ ಬಿರುಕು ಬಿಡುತ್ತದೆ. ಅಂಗಡಿಯಲ್ಲಿ ನಿಂತು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿರಿ, ಅಲ್ಲೇ ಸೀಳಿದರೆ ಇನ್ನೂ ಶಾಖ ಬೇಕು ಎಂದರ್ಥ.

ಇಪ್ಪತ್ತು ಮೂವತ್ತು ಅಂಗಿ, ಬಣ್ಣಗಳು ಅನೇಕ ಎಂದಾದರೆ ಡಿಟಿಎಫ್ ನೋಡಿರಿ. ಚಿತ್ರವನ್ನು ಫಿಲ್ಮಿನ ಮೇಲೆ ಮುದ್ರಿಸಿ, ಅಂಟಿನ ಪುಡಿ ಹಾಕಿ, ಹೀಟ್ ಪ್ರೆಸ್‌ನಲ್ಲಿ ಅಂಗಿಗೆ ಒತ್ತುವ ವಿಧಾನ ಅದು. ಚಂದ ಬರುತ್ತದೆ, ಆದರೆ ಎದೆ ತುಂಬ ದೊಡ್ಡ ಚಿತ್ರ ಹಾಕಿದರೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡಂತೆ ಬೆವರುತ್ತದೆ. ಚಿತ್ರವನ್ನು ಚಿಕ್ಕದು ಮಾಡಿ, ನಡುನಡುವೆ ಬಟ್ಟೆ ಕಾಣುವಂತೆ ಬಿಡಿಸಿಕೊಳ್ಳಿ. ಆಟಗಾರರ ಜೆರ್ಸಿಗೆ ಬಳಸುವ ಸಬ್ಲಿಮೇಷನ್, ಅಂದರೆ ಶಾಖದಿಂದ ಬಣ್ಣವನ್ನು ಎಳೆಯೊಳಗೇ ಇಳಿಸುವ ವಿಧಾನ, ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ, ಅದೂ ಬಿಳಿ ಅಥವಾ ತಿಳಿ ಬಣ್ಣಕ್ಕೆ. ಹತ್ತಿಯ ಮೇಲೆ ಅದು ನಿಲ್ಲುವುದಿಲ್ಲ.

ಕೆಂಪು ಪಾಲಿಯೆಸ್ಟರ್ ಅಂಗಿಗೆ ಬಿಳಿ ಅಕ್ಷರ ಹಾಕಿಸುವಾಗ ಎಚ್ಚರ ಬೇಕು. ಶಾಖಕ್ಕೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿಗೆ ಸೇರುತ್ತದೆ. ಅಂಗಡಿಯಲ್ಲಿ ಹಾಲಿನಂತಿದ್ದ ಅಕ್ಷರ ಕೆಲವು ದಿನಗಳಲ್ಲಿ ಗುಲಾಬಿಯಾಗುತ್ತದೆ. ಹತ್ತಿ ಬಟ್ಟೆಗೆ ಈ ಕಾಟವಿಲ್ಲ. ರಾಜ್ಯೋತ್ಸವಕ್ಕೆ ಹಳದಿ ಹತ್ತಿ ಅಂಗಿಯ ಮೇಲೆ ಕೆಂಪು ಅಚ್ಚು ಹಾಕಿಸಿದರೆ ಖರ್ಚೂ ಕಡಿಮೆ, ಚಿಂತೆಯೂ ಕಡಿಮೆ. ನವೆಂಬರ್ 1ಕ್ಕೆ ಕೈಯಲ್ಲಿ ಅಂಗಿ ಇರಬೇಕಾದರೆ ಸೆಪ್ಟೆಂಬರ್ ಕೊನೆಯೊಳಗೆ ಬಟ್ಟೆಗೆ ಹೇಳಿರಬೇಕು. ದೀಪಾವಳಿಗೆ ತಿರುಪ್ಪೂರಿನ ಕಾರ್ಖಾನೆಗಳು ದಿನಗಟ್ಟಲೆ ಬಾಗಿಲು ಹಾಕುತ್ತವೆ, ಕೆಲಸಗಾರರು ಊರಿಗೆ ಹೋದರೆ ಬೇಗ ಮರಳುವುದಿಲ್ಲ.

ಒತ್ತಕ್ಷರ ಎಲ್ಲಿ ಹೋಯಿತು?

ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಕನ್ನಡ ಅಕ್ಷರದ ಕಷ್ಟಸುಖ ಗೊತ್ತು. ಟೀ ಶರ್ಟ್ ಅಂಗಡಿಯವರಿಗೆ ಅನೇಕ ಸಲ ಗೊತ್ತಿರುವುದಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದು ಕಣ್ಣಿಗೆ ಹೊಡೆಯುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಅಪಾಯ ಇರುವುದು ಯೂನಿಕೋಡ್ ಪಠ್ಯವನ್ನು ಹಳೆಯ ತಂತ್ರಾಂಶಕ್ಕೆ ಅಂಟಿಸಿದಾಗ. ‘ಅಭಿಮಾನಿ’ ಸರಿಯಾಗಿಯೇ ಇರುತ್ತದೆ, ‘ಹುಬ್ಬಳ್ಳಿ’ಯ ಒತ್ತುಗಳು ಕಳಚಿ ‘ಹುಬ್‌ಬಳ್‌ಳಿ’ ಎಂದು ನಿಂತಿರುತ್ತವೆ. ‘ಕರ್ನಾಟಕ’ದ ಅರ್ಕಾವೊತ್ತು ಎಲ್ಲೋ ಹೋಗಿ ಕುಳಿತಿರುತ್ತದೆ. ಕನ್ನಡ ಓದದ ಕೆಲಸಗಾರನಿಗೆ ಎರಡೂ ಒಂದೇ.

ಇದಕ್ಕೆ ಮದ್ದು ಸರಳ. ನಿಮ್ಮ ಕಡೆಯಲ್ಲೇ ಅಕ್ಷರಗಳನ್ನು ಸರಿಪಡಿಸಿ, ಕೋರೆಲ್‌ಡ್ರಾದಲ್ಲಿ ‘ಕರ್ವ್’ ಮಾಡಿಸಿ, ಅಂದರೆ ಅಕ್ಷರವನ್ನು ಚಿತ್ರವಾಗಿ ಪರಿವರ್ತಿಸಿ, ಪಿಡಿಎಫ್ ಕಳುಹಿಸಿರಿ. ಆಮೇಲೆ ಯಾವ ಕಂಪ್ಯೂಟರೂ ಅದನ್ನು ಕೆಡಿಸಲಾರದು. ಬಾಲೂ ತಮ್ಮ (Baloo Tamma), ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್‌ಗಳನ್ನು ವ್ಯಾಪಾರಕ್ಕೂ ಬಳಸಬಹುದು. ತೆಳು ಗೆರೆಯ ಫಾಂಟ್ ಬೇಡ, ಒತ್ತಕ್ಷರದ ಸಣ್ಣ ಕಣ್ಣುಗಳು ಬಣ್ಣದಿಂದ ತುಂಬಿಕೊಂಡುಬಿಡುತ್ತವೆ. ವಿನ್ಯಾಸವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಅಂಗಿಯ ಮೇಲೆ ಪಿನ್ ಚುಚ್ಚಿ, ಆರು ಹೆಜ್ಜೆ ದೂರ ನಿಂತು ಓದಿರಿ. ಮೊದಲ ಅಂಗಿ ಅಚ್ಚಾಗುವಾಗ ಕನ್ನಡ ಓದುವವರೊಬ್ಬರು ಅಲ್ಲಿ ಇರಲೇಬೇಕು.

ಅಳತೆ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದು. ಒಬ್ಬ ತಯಾರಕರ ‘ಎಂ’ ಎದೆ 38 ಇಂಚು, ಇನ್ನೊಬ್ಬರದು 40. ‘ನನ್ನದು ಯಾವಾಗಲೂ ಎಲ್’ ಎಂಬ ಮಾತಿಗೆ ಅರ್ಥವೇ ಇಲ್ಲ. ಎಸ್, ಎಂ, ಎಲ್ ಎಂದು ಮಾತ್ರ ಕೇಳುವ ಫಾರ್ಮ್ ಜಗಳವನ್ನು ಮನೆಗೆ ಕರೆದಂತೆ. ಇಂಚಿನ ಪಟ್ಟಿ ಕೊಡಿ, ಜೊತೆಗೆ ಅಳೆಯುವ ಬಗೆಯನ್ನೂ ಹೇಳಿರಿ: ಸರಿಯಾಗಿ ಹೊಂದುವ ನಿಮ್ಮ ಹಳೆಯ ಟೀ ಶರ್ಟನ್ನು ಚಾಪೆಯ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಅಳೆದು, ಎರಡರಿಂದ ಗುಣಿಸಿರಿ. 20 ಇಂಚು ಬಂದರೆ ಎದೆ 40.

ಆದರೂ ಕರೆ ಬರುತ್ತದೆ.

‘ಅಣ್ಣಾ, ನಿಮ್ಮಲ್ಲಿ ಎಲ್ ಹೇಗಿರುತ್ತದೆ?’

‘ಮೈಮೇಲಿನ ಅಂಗಿ ಸರಿಯಾಗಿದೆಯೇ? ಹಾಗಾದರೆ ಅದನ್ನೇ ಅಳೆದು ಹೇಳಿರಿ.’

‘ಟೇಪ್ ಇಲ್ಲರೀ.’

‘ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಸ್ಕೇಲ್ ತೆಗೆದುಕೊಳ್ಳಿ. 51 ಸೆಂಟಿಮೀಟರ್ ಬಂದರೆ ನಿಮಗೆ 40.’

ಎರಡು ನಿಮಿಷದ ಈ ಮಾತು ಒಂದು ಪಾರ್ಸೆಲ್ ಹೋಗಿ ಬರುವ ಖರ್ಚನ್ನು ಉಳಿಸುತ್ತದೆ. ಹತ್ತಿ ಬಟ್ಟೆ ಒಗೆದ ಮೇಲೆ ಒಂದಿಷ್ಟು ಕುಗ್ಗುತ್ತದೆ. ಪಟ್ಟಿಯಲ್ಲಿ ನೀವು ಕೊಡುವ ಅಳತೆ ಒಗೆಯುವ ಮೊದಲಿನದೋ ಆಮೇಲಿನದೋ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡು ಅಳತೆಗಳ ನಡುವೆ ತೂಗಾಡುವವರಿಗೆ ದೊಡ್ಡದನ್ನೇ ಹೇಳಿರಿ. ಸಡಿಲ ಅಂಗಿಯನ್ನು ಯಾರೂ ಹಿಂದಿರುಗಿಸುವುದಿಲ್ಲ, ಹೊಟ್ಟೆಗೆ ಬಿಗಿಯಾದದ್ದು ಖಂಡಿತ ಬರುತ್ತದೆ. ಮಕ್ಕಳಿಗೆ ವಯಸ್ಸು ಕೇಳಬೇಡಿ, ಎದೆಯನ್ನೇ ಕೇಳಿರಿ. ಹನ್ನೆರಡು ವರ್ಷದ ಹುಡುಗರಲ್ಲಿ ಎಷ್ಟು ಬಗೆ ಎಂಬುದು ಯಾವ ಶಾಲೆಯ ಪ್ರಾರ್ಥನೆಯ ಸಾಲನ್ನು ನೋಡಿದರೂ ಗೊತ್ತಾಗುತ್ತದೆ.

ಪ್ರತಿ ಅಳತೆಯಲ್ಲೂ ಒಂದೆರಡು ಅಂಗಿ ಹೆಚ್ಚಿಗೆ ಮಾಡಿಸಿ ಬದಲಿಗೆ ಇಟ್ಟುಕೊಳ್ಳಿ. ಅಚ್ಚಿನಲ್ಲಿ ಕೆಡುವವೂ ಇದರಿಂದಲೇ ಹೋಗುತ್ತವೆ.

ಬೆಲೆ ಮತ್ತು ತೆರಿಗೆ

ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳೋಣ: ಅಂಗಿ 170 ರೂಪಾಯಿ, ಅಚ್ಚು 70, ಕವರ್ ಮತ್ತು ಚೀಟಿ 8, ಅಂಚೆ 90, ಕೆಟ್ಟುಹೋಗುವವಕ್ಕೆ 12. ಒಟ್ಟು 350. ಅಂಚೆ ಸೇರಿಸಿ 449ಕ್ಕೆ ಮಾರಿದರೆ, ತೆರಿಗೆ ನೋಂದಣಿ ಇದ್ದವರಿಗೆ ಅದರೊಳಗೆ ಸುಮಾರು 21 ರೂಪಾಯಿ ಜಿಎಸ್‌ಟಿ ಇರುತ್ತದೆ, ಉಳಿಯುವುದು 78. ವಿಳಾಸ ತಪ್ಪಾಗಿ ಒಂದು ಅಂಗಿ ಮರಳಿ ಬಂದು, ನೀವು ನಿಮ್ಮ ಕೈಯಿಂದ 90 ಹಾಕಿ ಇನ್ನೊಮ್ಮೆ ಕಳುಹಿಸಿದರೆ ಆ ಅಂಗಿಯ ಲಾಭ ಹೋಗಿ ಪಕ್ಕದ ಅಂಗಿಯ ಲಾಭಕ್ಕೂ ಕೈ ಬೀಳುತ್ತದೆ. ವಿಳಾಸದ ಬಗ್ಗೆ ಮುಂದೆ ಇಷ್ಟುದ್ದ ಬರೆದಿರುವುದು ಇದೇ ಕಾರಣಕ್ಕೆ.

2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5%. ಹೆಣೆದ ಬಟ್ಟೆಯ ಟೀ ಶರ್ಟಿನ ಎಚ್‌ಎಸ್‌ಎನ್ ಸಂಖ್ಯೆ, ಅಂದರೆ ತೆರಿಗೆ ಲೆಕ್ಕಕ್ಕೆ ಸರಕಿನ ಬಗೆ ಹೇಳುವ ಸಂಖ್ಯೆ, 6109. ಸರಕನ್ನು ಕರ್ನಾಟಕದೊಳಗೆ ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕು. ಬೆಂಗಳೂರಿನವರಿಗಿಂತ ನಮಗೆ ಈ ನಿಯಮ ಹೆಚ್ಚು ತಟ್ಟುತ್ತದೆ; ನಮ್ಮ ಕನ್ನಡ ಕೇಳುವವರು ಸಾಂಗ್ಲಿಯಲ್ಲಿದ್ದಾರೆ, ಸೊಲ್ಲಾಪುರದಲ್ಲಿದ್ದಾರೆ, ಕೆಲಸಕ್ಕೆ ಹೋದವರು ಗೋವಾದಲ್ಲಿದ್ದಾರೆ. ಆರ್ಡರ್ ತೆರೆಯುವ ಮೊದಲೇ ನಿಮ್ಮ ತೆರಿಗೆ ಸಲಹೆಗಾರರನ್ನು ಒಮ್ಮೆ ಕಾಣಿರಿ.

ಮು.ಪೋ. ಯಾವುದು?

‘ಎಸ್. ಪಾಟೀಲ, ಹನುಮಪ್ಪನ ಗುಡಿ ಹತ್ತಿರ, ಗದಗ.’ ಇಂಥ ವಿಳಾಸ ಬರುತ್ತದೆ. ಹನುಮಪ್ಪನ ಗುಡಿ ಇಲ್ಲದ ಊರು ಈ ಕಡೆ ಎಲ್ಲಿದೆ? ಪಾಟೀಲರು ಒಂದು ಊರಿಗೆ ಎಷ್ಟು ಮನೆ? ಬರೆದವರಿಗೆ ಅದು ಪೂರ್ತಿ ವಿಳಾಸವೇ, ಯಾಕೆಂದರೆ ಅವರ ಊರಿನ ಅಂಚೆಯಣ್ಣನಿಗೆ ಅವರು ಗೊತ್ತು. ಆದರೆ ಪಾರ್ಸೆಲ್ ಮೊದಲು ಆ ಅಂಚೆಯಣ್ಣನ ಕೈಗೆ ತಲುಪಬೇಕಲ್ಲ.

ಫಾರ್ಮಿನಲ್ಲಿ ವಿಳಾಸಕ್ಕೆ ಒಂದೇ ದೊಡ್ಡ ಚೌಕ ಕೊಡಬೇಡಿ. ಪೂರ್ತಿ ಹೆಸರು ತಂದೆಯ ಅಥವಾ ಗಂಡನ ಹೆಸರಿನೊಂದಿಗೆ, ಅಡ್ಡಹೆಸರು, ಮನೆ ಅಥವಾ ಓಣಿ, ಮುಕ್ಕಾಂ (ಇರುವ ಊರು), ಪೋಸ್ಟ್ (ಅಂಚೆ ಕಚೇರಿ ಇರುವ ಊರು), ತಾಲೂಕು, ಜಿಲ್ಲೆ, ಪಿನ್, ಎರಡು ಮೊಬೈಲ್ ಸಂಖ್ಯೆ ಎಂದು ಬೇರೆ ಬೇರೆಯಾಗಿ ಕೇಳಿರಿ. ಮುಕ್ಕಾಂ ಮತ್ತು ಪೋಸ್ಟ್ ಒಂದೇ ಆಗಿರಬೇಕೆಂದಿಲ್ಲ, ಸಣ್ಣ ಊರಿನ ಅಂಚೆ ಪಕ್ಕದ ಊರಿಗೆ ಬರುತ್ತದೆ. ಗದಗ ತಾಲೂಕಿನಲ್ಲಿ ಹಿರೇಹಂದಿಗೋಳವೂ ಇದೆ, ಚಿಕ್ಕಹಂದಿಗೋಳವೂ ಇದೆ. ಬರೀ ‘ಹಂದಿಗೋಳ’ ಎಂದು ಬರೆದರೆ ಪಾರ್ಸೆಲ್ ಎರಡೂ ಊರು ನೋಡಿಕೊಂಡು ಬರಬಹುದು.

ಪಿನ್ ಸಂಖ್ಯೆಯನ್ನು ಊರಿನ ಹೆಸರಿನ ಜೊತೆ ತಾಳೆ ನೋಡಿರಿ. ಅನೇಕರು ತಮ್ಮ ಹಳ್ಳಿಯ ಪಿನ್ ಬದಲು ಜಿಲ್ಲಾ ಕೇಂದ್ರದ್ದನ್ನು, ಗದಗಾದರೆ 582101, ಹಾವೇರಿಯಾದರೆ 581110 ಎಂದು, ಬಾಯಿಪಾಠದಿಂದ ಬರೆದುಬಿಡುತ್ತಾರೆ. ಅಂಚೆ ಇಲಾಖೆಯ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಹುಡುಕಬಹುದು. ಹಾಸ್ಟೆಲಿನ ವಿಳಾಸ ಕೊಟ್ಟವರನ್ನು ರಜೆ ಯಾವಾಗ ಎಂದು ಕೇಳಿರಿ. ಪರೀಕ್ಷೆ ಮುಗಿದ ಮೇಲೆ ಧಾರವಾಡದ ಹಾಸ್ಟೆಲಿಗೆ ಹೋದ ಅಂಗಿಯನ್ನು ಇಸಿದುಕೊಳ್ಳಲು ಯಾರೂ ಇರುವುದಿಲ್ಲ.

ಕಳುಹಿಸುವ ಹಿಂದಿನ ದಿನ ಪ್ರತಿಯೊಬ್ಬರಿಗೂ ಅವರ ಅಳತೆ, ವಿಳಾಸ ಎರಡನ್ನೂ ಒಂದೇ ಸಂದೇಶದಲ್ಲಿ ಕಳುಹಿಸಿ, ‘ಸರಿ ಇದೆ’ ಎಂಬ ಉತ್ತರ ಬರಲಿ ಎಂದು ಕಾಯಿರಿ. ಬೇಸರದ ಕೆಲಸ. ಆದರೆ ಮನೆ ಬದಲಿಸಿದವರು, ಅಳತೆಯ ಬಗ್ಗೆ ಮನಸ್ಸು ಬದಲಿಸಿದವರು ಬಾಯಿ ಬಿಡುವುದು ಆಗಲೇ.

ಕವರ್, ತೂಕ, ಅಂಚೆ

ಟೀ ಶರ್ಟಿಗೆ ಪೆಟ್ಟಿಗೆ ಬೇಡ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ ಕೇಳುತ್ತಾರೆ. 30, 25, 10ರ ಪೆಟ್ಟಿಗೆಯಲ್ಲಿ ಇನ್ನೂರು ಗ್ರಾಂ ಅಂಗಿ ಇಟ್ಟರೆ ಅದು ಅವರ ಲೆಕ್ಕದಲ್ಲಿ ಒಂದೂವರೆ ಕಿಲೋ. ಅಂಗಿಯನ್ನು ತೆಳುವಾದ ಪಾರದರ್ಶಕ ಚೀಲದಲ್ಲಿ ಹಾಕಿ, ಹೊರಗೆ ಅಂಟಿಸಿ ಮುಚ್ಚುವ ಪ್ಲಾಸ್ಟಿಕ್ ಕೊರಿಯರ್ ಕವರ್ ಬಳಸಿರಿ. ಧಾರವಾಡದ ಮಳೆಗಾಲದಲ್ಲಿ ಕಾಗದದ ಕವರ್ ಬೇಡವೇ ಬೇಡ. ವಿಳಾಸದ ಚೀಟಿಯ ಮೇಲೆ ಪಾರದರ್ಶಕ ಟೇಪ್ ಅಂಟಿಸಿರಿ, ಕವರಿನೊಳಗೂ ಒಂದು ಚೀಟಿ ಇರಲಿ. ಪಿನ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆಯಬೇಡಿ. ಅಭಿಮಾನ ಅಂಗಿಯ ಮೇಲಿದ್ದರೆ ಸಾಕು.

ಹಳ್ಳಿಗಳಿಗೆ ಸ್ಪೀಡ್ ಪೋಸ್ಟ್‌ನಷ್ಟು ಒಳಗೆ ಹೋಗುವುದು ಬೇರೊಂದಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಅದರಲ್ಲೇ ಸೇರಿಹೋಯಿತು. ದರ ತೂಕದ ಮೆಟ್ಟಿಲಿನಲ್ಲಿ ಏರುತ್ತದೆ. 180 ಜಿಎಸ್‌ಎಂನ ‘ಎಂ’ ಅಂಗಿ ಕವರಿನೊಂದಿಗೆ 250 ಗ್ರಾಂ ಒಳಗೆ ಉಳಿಯುತ್ತದೆ, ದಪ್ಪ ಬಟ್ಟೆಯ ಡಬಲ್ ಎಕ್ಸ್‌ಎಲ್ ದಾಟುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲೇ ತೂಗಿ, ಅಳತೆವಾರು ಕಟ್ಟು ಕಟ್ಟಿಕೊಂಡು ಹೋದರೆ ಕೌಂಟರಿನವರ ಮುಖವೂ ಸಡಿಲವಾಗುತ್ತದೆ. ನೂರು ಪಾರ್ಸೆಲ್ ಹೊತ್ತುಕೊಂಡು ಮುಚ್ಚುವ ಹೊತ್ತಿಗೆ ಹೋಗಬೇಡಿ. ಹಿಂದಿನ ದಿನ ಹೇಳಿ, ಬೆಳಿಗ್ಗೆ ಹೋಗಿರಿ.

ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಇಪ್ಪತ್ತು ಆರ್ಡರ್ ಒಂದೇ ಕಡೆ ಇದ್ದರೆ ಬಿಡಿಬಿಡಿಯಾಗಿ ಅಂಚೆಗೆ ಹಾಕುವುದು ದಂಡ. ಅಲ್ಲಿಯ ನಂಬಿಕಸ್ಥರೊಬ್ಬರ ಹೆಸರಿಗೆ ಸರಕಾರಿ ಸಾರಿಗೆ ಬಸ್ಸಿನ ‘ನಮ್ಮ ಕಾರ್ಗೋ’ ಸರಕು ಸೇವೆಯಲ್ಲಿ ಒಂದೇ ಗಂಟು ಕಳುಹಿಸಿ, ಹಂಚಿದ್ದಕ್ಕೆ ಅವರಿಗೊಂದು ಅಂಗಿ ಕೊಡಿ. ಅವಳಿ ನಗರದೊಳಗಿನವರಿಗೆ ಶನಿವಾರ ಸಂಜೆ ಹುಬ್ಬಳ್ಳಿಯಲ್ಲೊಂದು, ಧಾರವಾಡದಲ್ಲೊಂದು ಜಾಗ ಗೊತ್ತು ಮಾಡಿರಿ. ಚಿಗರಿ ಬಸ್ಸಿನಲ್ಲಿ ಒಂದು ಚೀಲ ಹಿಡಿದುಕೊಂಡು ಹೋಗಿ ಎರಡನ್ನೂ ಒಂದೇ ಸಂಜೆ ಮುಗಿಸಬಹುದು. ಅಲ್ಲೇ ತೊಟ್ಟು ನೋಡುತ್ತಾರೆ, ಅಳತೆಯ ತಕರಾರೂ ಅಲ್ಲೇ ತೀರುತ್ತದೆ.

ಕ್ಯಾಶ್ ಆನ್ ಡೆಲಿವರಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಯಿಂದ ಹಣ ಬಿಚ್ಚದವರಿಗೆ ಬಾಗಿಲಿಗೆ ಬಂದದ್ದನ್ನು ‘ಬೇಡ’ ಎನ್ನುವುದು ಸುಲಭ. ಹೆಸರು ಹಾಕಿ ಅಚ್ಚು ಮಾಡಿದ ಅಂಗಿ ಮರಳಿ ಬಂದರೆ ಅದನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ. ಬದಲಿಯ ನಿಯಮವನ್ನು ಆರ್ಡರ್ ಫಾರ್ಮಿನಲ್ಲೇ ಬರೆಯಿರಿ: ಅಚ್ಚು ಕೆಟ್ಟಿದ್ದರೆ ಅಥವಾ ನಾವು ಬೇರೆ ಅಳತೆ ಕಳುಹಿಸಿದ್ದರೆ ಎರಡೂ ಕಡೆಯ ಅಂಚೆ ಖರ್ಚು ನಮ್ಮದು, ಕೊಂಡವರೇ ಅಳತೆ ತಪ್ಪು ಹೇಳಿದ್ದರೆ ಅಂಚೆ ಖರ್ಚು ಅವರದು, ಅದೂ ಒಗೆಯದ ಅಂಗಿಗೆ ಮಾತ್ರ. ಒಗೆಯುವ ಬಗೆಯನ್ನೂ ಒಳಗಿನ ಚೀಟಿಯಲ್ಲಿ ಹಾಕಿರಿ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಅಚ್ಚಿನ ಮೇಲೆ ಇಸ್ತ್ರಿ ತಾಗಿಸಬಾರದು, ಕಲ್ಲಿಗೆ ಬಡಿಯಬಾರದು. ಕೊನೆಯದು ನಮ್ಮ ಕಡೆ ಬಹಳ ಮುಖ್ಯ.

ವಿದೇಶದ ಅಭಿಮಾನಿಗಳು ಕೇಳಿದಾಗ ಹಿಗ್ಗಿ ಒಪ್ಪಿಕೊಳ್ಳಬೇಡಿ. ಸುಂಕದ ಘೋಷಣೆಯ ಚೀಟಿ ಬೇಕು, ಅಲ್ಲಿಯ ಸುಂಕ ಯಾರು ಕೊಡುವುದು ಎಂಬುದು ಮೊದಲೇ ಇತ್ಯರ್ಥವಾಗಬೇಕು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಹೀಗಾಗಿ ಒಂದು ಅಂಗಿಯ ಬೆಲೆಗಿಂತ ಅದನ್ನು ತಲುಪಿಸುವ ಖರ್ಚು ಹಲವು ಪಟ್ಟು ಆಗಬಹುದು. ಊರಿಗೆ ಬಂದಾಗ ಒಯ್ಯುತ್ತೇವೆ ಎನ್ನುವವರ ಅಂಗಿಯನ್ನು ಧಾರವಾಡದ ಅವರ ತಾಯಿಯ ಮನೆಗೆ ಕಳುಹಿಸುವುದೇ ಲೇಸು. ಆ ಮನೆಯ ವಿಳಾಸವನ್ನೂ ತಾಯಿಗೇ ಕರೆ ಮಾಡಿ ಕೇಳಿ ಬರೆದುಕೊಳ್ಳಿ, ಮಗನಿಗೆ ಪಿನ್ ಸಂಖ್ಯೆ ನೆನಪಿರುವುದಿಲ್ಲ.